ಹಳೇ ರೆಕ್ಕೆಗೆ ಹೊಸ ಒಡಲು

ಹಿಂದಿನ ಕಥೆ ಗೊತ್ತಿಲ್ಲದವರಿಗೆ ನಾಲ್ಕು ಮಾತು. ನನ್ನ 2 ಮೀಟರ್ ರೆಕ್ಕೆಯ ರೇಡಿಯೊ ಗ್ಲೈಡರ್, ಅಂದರೆ ನೆಲದಿಂದ ರೇಡಿಯೊದಲ್ಲಿ ನಡೆಸುವ, ಎಂಜಿನ್ ಇಲ್ಲದ ಮಾದರಿ ವಿಮಾನ, ಮಾರ್ಚ್‌ನಲ್ಲಿ ಅಣ್ಣಿಗೇರಿ ಕಡೆಯ ಒಂದು ಎರೆಹೊಲದಲ್ಲಿ ಮೂಗು ಕೆಳಗೆ ಮಾಡಿ ಬಿತ್ತು. ಕಡಲೆ ಕಿತ್ತು ಖಾಲಿಯಾಗಿದ್ದ ಹೊಲ. ಬಿಸಿಲಿಗೆ ಬಿರುಕು ಬಿಟ್ಟು ಕಲ್ಲಿನ ಹಾಗಿತ್ತು. ರೆಕ್ಕೆಯನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿದ್ದೆ, ಹಾಗಾಗಿ ಅದು ಕಳಚಿಕೊಂಡು ನಾಲ್ಕು ಮಾರು ದೂರ ಹೋಗಿ ಆರಾಮಾಗಿ ಮಲಗಿತ್ತು. ಒಡಲು ಮಾತ್ರ ರೆಕ್ಕೆಯ ಹಿಂದಂಚಿನ ಹತ್ತಿರ ಲಟಕ್ ಅಂತ ಎರಡು ತುಂಡು.

ರೆಕ್ಕೆ, ಬಾಲ ಎರಡನ್ನೂ ಹಿಡಿದಿಡುವ ಉದ್ದನೆಯ ಮೈಗೆ ಇಂಗ್ಲಿಷಿನಲ್ಲಿ ಫ್ಯೂಸಲಾಜ್ ಅನ್ನುತ್ತಾರೆ, ಆ ಮಾತು ನನ್ನ ಬಾಯಿಗೆ ಸರಿಯಾಗಿ ಬರುವುದಿಲ್ಲ. ಒಡಲು ಅಂತಲೇ ಬರೆಯುತ್ತೇನೆ.

ತುಂಡನ್ನು ಮನೆಗೆ ತಂದು ನೋಡಿದಾಗ ಕಾರಣ ಸಿಕ್ಕಿತು. ಮೂಗಿನಿಂದ ರೆಕ್ಕೆಯ ಹಿಂದಿನ ತನಕ ಒಳಗೆ ಪ್ಲೈವುಡ್ ಪದರ ಅಂಟಿಸಿದ್ದೆ. ಆ ಪದರವನ್ನು ನೆಟ್ಟಗೆ, ರೂಲರ್ ಇಟ್ಟು ಕತ್ತರಿಸಿದ ಹಾಗೆ ನಿಲ್ಲಿಸಿದ್ದೆ. ಮುಂದೆ ಪ್ಲೈ ಸೇರಿ ಗಟ್ಟಿ, ಅಲ್ಲಿಂದ ಆಚೆ ಬರೀ ಬಾಲ್ಸಾ ಅನ್ನುವ ಹಗುರ ಕಟ್ಟಿಗೆ. ಗಟ್ಟಿ ಮುಗಿದು ಮೆತ್ತಗಿನದು ಶುರುವಾಗುವ ಗೆರೆ ಮೇಲೇ ಪೆಟ್ಟೆಲ್ಲ ಹೋಗಿ ಕೂತಿದೆ. ಮುರಿದದ್ದೂ ಆ ಗೆರೆಯಲ್ಲೇ, ಚಾಕು ಹಾಕಿದಷ್ಟು ನೀಟಾಗಿ. ಈ ಸಲ ಪದರದ ಹಿಂದಿನ ತುದಿಯನ್ನು ಓರೆಯಾಗಿ, ಮಾವಿನ ಎಲೆಯ ತುದಿಯ ಹಾಗೆ ಚೂಪು ಮಾಡಿ ಮುಗಿಸಬೇಕು ಅಂತ ಅವತ್ತೇ ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿಟ್ಟೆ.

ಜೂನ್ 8, ಭಾನುವಾರ

ಬಾಲ್ಸಾ ಬಂತು. ಪಾರ್ಸಲ್ ಹುಬ್ಬಳ್ಳಿಯ ಆಫೀಸ್ ವಿಳಾಸಕ್ಕೆ ಬಂದಿತ್ತು, ಶನಿವಾರ ಸಂಜೆ ಮಳೆಯಲ್ಲಿ ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ತಂದೆ. ಎರಡು ಪ್ಲಾಸ್ಟಿಕ್ ಚೀಲ ಸುತ್ತಿ, ಕೂಸನ್ನು ಎತ್ತಿಕೊಂಡ ಹಾಗೆ. ಪಕ್ಕದಲ್ಲಿ ಕೂತವರು ಒಂದು ತುದಿ ಎತ್ತಿ ನೋಡಿ, "ಥರ್ಮಾಕೋಲ್ ಏನ್ರಿ?" ಅಂದರು. ಕಟ್ಟಿಗೆ ಅಂದರೆ ನಂಬಲಿಲ್ಲ. ತಪ್ಪಲ್ಲ ಬಿಡಿ, ಈಕ್ವೆಡಾರ್ ಕಡೆಯ ಈ ಮರದಷ್ಟು ಹಗುರಾದದ್ದು ನಮ್ಮ ಕಡೆಯ ಯಾವ ಕಟ್ಟಿಗೆ ಅಡ್ಡೆಯಲ್ಲೂ ಸಿಗುವುದಿಲ್ಲ.

3 ಮಿ.ಮೀ. ದಪ್ಪ, 100 ಮಿ.ಮೀ. ಅಗಲ, 915 ಮಿ.ಮೀ. ಉದ್ದದ ನಾಲ್ಕು ಹಲಗೆ. ಅವ್ವನ ಅಡುಗೆಮನೆ ತಕ್ಕಡಿಯಲ್ಲಿ ಒಂದೊಂದಾಗಿ ತೂಗಿದೆ. 33 ಗ್ರಾಂ, 49 ಗ್ರಾಂ, 36 ಗ್ರಾಂ, 35 ಗ್ರಾಂ. ತೂಕವನ್ನು ಪೆನ್ಸಿಲ್‌ನಲ್ಲಿ ಮೂಲೆಯಲ್ಲಿ ಬರೆದೂ ಇಟ್ಟೆ. ಈ ಮಾತು ನೆನಪಿರಲಿ, ಮುಂದೆ ಬರುತ್ತದೆ.

ಕೆಲಸದ ಹಲಗೆಯಾಗಿ ಹಳೇ ಫ್ಲಶ್ ಡೋರಿನ ಒಂದು ತುಂಡು ಇದೆ. ನಮ್ಮ ಓಣಿಯ ಬಡಗಿ ಕಾಕಾ ಕೊಟ್ಟದ್ದು. ಅದರ ಮೇಲೆ ಕಪ್ಪು ಪೆನ್ನಿನಿಂದ ನಟ್ಟನಡುವೆ ಒಂದು ಗೆರೆ ಎಳೆದೆ. ಒಡಲಿನ ಎಲ್ಲ ಅಳತೆಯೂ ಈ ಗೆರೆಯಿಂದಲೇ.

ಎರಡು ಪಕ್ಕದ ಪಟ್ಟಿ ಕತ್ತರಿಸಿದೆ. ಒಡಲಿಗೆ 1050 ಮಿ.ಮೀ. ಬೇಕು, ಹಲಗೆ 915 ಅಷ್ಟೇ. ಮೂಗಿನ ಕಡೆ ಓರೆಯಾಗಿ ಕತ್ತರಿಸಿ ಜೋಡು ಹಾಕಿದೆ. ಅಲ್ಲಿ ಹೇಗೂ ಒಳಗಿನಿಂದ ಪ್ಲೈ ಬರುತ್ತದೆ, ಜೋಡಿಗೆ ಭಯವಿಲ್ಲ.

ಜೂನ್ 11

ಕಾರಹುಣ್ಣಿಮೆ. ಹೋಳಿಗೆ ಉಂಡು ಮಲಗಿದೆ.

ಜೂನ್ 13

ಒಳಪದರ ಅಂಟಿಸುವ ಕೆಲಸ. 0.8 ಮಿ.ಮೀ. ಪ್ಲೈ. ಇಷ್ಟು ಅಗಲದ ಜಾಗಕ್ಕೆ ಫೆವಿಕಾಲ್ ಹಚ್ಚಬೇಡಿ. ಅದರಲ್ಲಿರುವ ನೀರನ್ನು ಬಾಲ್ಸಾ ಕುಡಿದು, ಬೆಳಗಾಗುವಷ್ಟರಲ್ಲಿ ಪಟ್ಟಿ ಹಪ್ಪಳದ ಹಾಗೆ ಸುರುಳಿಯಾಗಿರುತ್ತದೆ. ಚಪ್ಪಲಿ, ಫೋಮ್ ಅಂಟಿಸುವ ರಬ್ಬರ್ ಗೋಂದು ಒಳ್ಳೆಯದು. ಎರಡೂ ಮೈಗೆ ತೆಳ್ಳಗೆ ಸವರಿ, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಒತ್ತಬೇಕು. ಒಮ್ಮೆ ತಾಗಿದರೆ ಮುಗೀತು, ಸರಿಸಲು ಬರುವುದಿಲ್ಲ. ನಾನು ನಡುವೆ ಒಂದು ಹಾಳೆ ಇಟ್ಟು, ಪದರವನ್ನು ಸರಿಯಾಗಿ ಕೂರಿಸಿಕೊಂಡು, ಹಾಳೆಯನ್ನು ಸ್ವಲ್ಪ ಸ್ವಲ್ಪ ಎಳೆಯುತ್ತ ಒತ್ತಿಕೊಂಡು ಹೋದೆ.

ಅಂಟಿಸುವ ಮುಂಚೆ ಎರಡೂ ಪಟ್ಟಿಯನ್ನು ಪುಸ್ತಕ ತೆರೆದ ಹಾಗೆ ಎದುರುಬದುರು ಇಟ್ಟು, ಮೇಲೆ ದೊಡ್ಡದಾಗಿ "ಒಳಗೆ" ಅಂತ ಬರೆದೆ. ಮೊದಲನೇ ಗ್ಲೈಡರ್ ಮಾಡುವಾಗ ಇದನ್ನು ಬರೆಯದೆ, ಎರಡೂ ಎಡಗಾಲಿನ ಚಪ್ಪಲಿ ಮಾಡಿಟ್ಟಿದ್ದೆ.

ಜೂನ್ 15, ಭಾನುವಾರ

ಇವತ್ತು ಫಾರ್ಮರ್. ಅಂದರೆ ಒಡಲಿನೊಳಗಿನ ಅಡ್ಡಗೋಡೆಗಳು. ಒಟ್ಟು ಆರು. ಮೂಗಿನದು ಮತ್ತು ರೆಕ್ಕೆಯ ಮುಂದೆ, ಹಿಂದೆ ಬರುವ ಎರಡು 3 ಮಿ.ಮೀ. ಪ್ಲೈ, ಉಳಿದ ಮೂರು ಬಾಲ್ಸಾ. ಫೋನಿನಲ್ಲಿ ಗೆಳೆಯನಿಗೆ "ಇವತ್ತು ಆರೂ ಫಾರ್ಮರ್‌ನ ನಿಲ್ಲಿಸಬೇಕು" ಅಂತ ಹೇಳುತ್ತಿದ್ದಾಗ ಅವ್ವ ಅಡುಗೆಮನೆಯಿಂದ, "ಯಾವ ಇಲೆಕ್ಷನ್ನಿಗೋ?" ಅಂದಳು.

ರೆಕ್ಕೆಯ ಜಾಗದ ಎರಡು ಗೋಡೆಯನ್ನು ಮೊದಲು ಒಂದು ಪಟ್ಟಿಗೆ ನಿಲ್ಲಿಸಿದೆ. ಪ್ಲೈಗೆ ಅರಾಲ್ಡೈಟ್, ಎರಡು ಟ್ಯೂಬಿನಿಂದಲೂ ಸಮಸಮ. ಮೂಲೆಮಟ್ಟ ಇಟ್ಟು ನೋಡಿ, ಬಟ್ಟೆ ಕ್ಲಿಪ್ ಹಾಕಿ, ಆಮೇಲೆ ಇನ್ನೊಂದು ಪಟ್ಟಿ. ಇಲ್ಲಿ ಅರ್ಧ ಮಿಲಿಮೀಟರ್ ವಾರೆಯಾದರೆ ಬಾಲಕ್ಕೆ ಹೋಗುವಷ್ಟರಲ್ಲಿ ಅದು ದೊಡ್ಡದಾಗುತ್ತದೆ. ಮಧ್ಯಾಹ್ನದ ತನಕ ಎಲ್ಲ ಸರಿಯೇ ಇತ್ತು. ಸಂಜೆ ಬಾಲದ ತುದಿ ಎರಡನ್ನೂ ಹತ್ತಿರಕ್ಕೆ ಎಳೆದು, ಫೆವಿಕಾಲ್ ಹಚ್ಚಿ, ರಬ್ಬರ್ ಬ್ಯಾಂಡು ಸುತ್ತಿ, ಹಿಂದಿನ ಮೂರು ಗೋಡೆ ತೂರಿಸಿ, ಸಮಾಧಾನದಿಂದ ಊಟಕ್ಕೆ ಹೋದೆ. ಗೆರೆಗೆ ತಾಳೆ ನೋಡಲಿಲ್ಲ. ಹಸಿವಾಗಿತ್ತು, ಅಷ್ಟೇ.

ಜೂನ್ 16

ಬೆಳಗ್ಗೆ ಬಡಗಿ ಕಾಕಾ ಚಹಾಕ್ಕೆ ಬಂದಿದ್ದರು. ಹೇಳದೆ ಕೇಳದೆ ಒಡಲನ್ನು ಎತ್ತಿ, ಮೂಗಿನ ಕಡೆಯಿಂದ ಕಣ್ಣಿಗೆ ಹಿಡಿದು, ಒಂದು ಕಣ್ಣು ಮುಚ್ಚಿದರು. ಬಾಗಿಲ ಚೌಕಟ್ಟಿನ ಕಟ್ಟಿಗೆ ಆರಿಸುವಾಗಲೂ ಅವರು ಹೀಗೇ ನೋಡುವುದು.

"ತಮ್ಮಾ, ವಿಮಾನ ಅಂದಿದ್ದೀ. ಇದು ಕುಡಗೋಲ ಆಗೈತಲ್ಲೋ."

"ಇಲ್ರಿ ಕಾಕಾ, ನಿನ್ನೆ ಮೂಲೆಮಟ್ಟ ಇಟ್ಟು ನೋಡೇನ್ರಿ."

"ಮೂಲಿ ಬರೋಬರಿ ಐತಿ. ಬಾಲ ನೋಡು."

ನಡುಗೆರೆ ಮೇಲೆ ಇಟ್ಟು ಅಳೆದೆ. ಬಾಲದ ತುದಿ ಗೆರೆಯಿಂದ 6 ಮಿ.ಮೀ. ಬಲಕ್ಕೆ. ಕಾಕಾ ಎರಡೂ ಪಟ್ಟಿಯನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಒತ್ತಿ ನೋಡಿದರು. ಆಮೇಲೆ ಉಗುರಿನಿಂದ ಗೀರಿದರು. ಎಡಗಡೆಯದರ ಮೇಲೆ ಗೀರು ಆಳಕ್ಕೆ ಇಳಿಯಿತು, ಬಲಗಡೆ ಬರೀ ಗುರುತು. "ಇವು ಎರಡೂ ಒಂದ ಕಟಗಿ ಅಲ್ಲ" ಅಂದರು.

ಮಿಕ್ಕ ಚೂರುಗಳನ್ನು ಹುಡುಕಿದೆ. ಒಂದರ ಮೂಲೆಯಲ್ಲಿ 33, ಇನ್ನೊಂದರ ಮೂಲೆಯಲ್ಲಿ 49. ನನ್ನದೇ ಅಕ್ಷರ. ತೂಗಿ, ಬರೆದು, ಆಮೇಲೆ ಕಟ್ಟಿನ ಮೇಲಿದ್ದ ಎರಡನ್ನು ಸುಮ್ನೆ ಎತ್ತಿಕೊಂಡು ಕತ್ತರಿಸಿದ್ದೆ.

ಆಗುವುದು ಇಷ್ಟು. ಅಳತೆ ಒಂದೇ ಆದರೂ ಭಾರದ ಬಾಲ್ಸಾ ಜಾಸ್ತಿ ಬಿರುಸು. ಬಾಲದ ತುದಿಗಳನ್ನು ಎಳೆದು ಕೂಡಿಸಿದಾಗ ಎರಡೂ ಸಮನಾಗಿ ಬಾಗಬೇಕು. ಒಂದು ಬಿರುಸಾಗಿದ್ದರೆ ಅದು ನೆಟ್ಟಗೆ ನಿಲ್ಲುತ್ತದೆ, ಮೆತ್ತಗಿನದೇ ಪೂರ್ತಿ ಬಾಗಿ ಅದರ ಕಡೆಗೆ ಹೋಗುತ್ತದೆ. ಬಾಲ ಬಿರುಸಿನ ಪಟ್ಟಿಯ ಕಡೆ ಸರಿಯುತ್ತದೆ. ಹಟಮಾರಿ ಒಬ್ಬನಿದ್ದ ಮನೆಯಲ್ಲಿ ಆಗುವ ಹಾಗೇ.

6 ಮಿ.ಮೀ. ತಾನೇ, ರಡ್ಡರ್‌ನಲ್ಲಿ (ಬಾಲದಲ್ಲಿ ಎಡಬಲ ತಿರುಗಿಸುವ ಚುಕ್ಕಾಣಿ) ಸ್ವಲ್ಪ ತಿದ್ದಿಕೊಂಡರಾಯಿತು ಅಂತ ಒಂದು ಮನಸ್ಸು ಹೇಳಿತು. ಆದರೆ ಎಂಜಿನ್ ಇಲ್ಲದ ವಿಮಾನ ಇದು. ಇಡೀ ಹೊತ್ತು ರಡ್ಡರ್ ಅಡ್ಡ ಹಿಡಿದುಕೊಂಡು ಹಾರಿದರೆ, ಆ ಅಡ್ಡಿಗೆ ಕೊಡುವ ಬೆಲೆ ಎತ್ತರ. ಇರುವ ಬಂಡವಾಳವೇ ಅದು.

ಜೂನ್ 18

ಬಿಚ್ಚಿದೆ. ಫೆವಿಕಾಲ್ ಜೋಡು ಬಿಸಿ ಮತ್ತು ತೇವ ಎರಡೂ ಸೇರಿದರೆ ಮೆತ್ತಗಾಗುತ್ತದೆ. ಒದ್ದೆ ಬಟ್ಟೆ ಇಟ್ಟು ಅವ್ವನ ಇಸ್ತ್ರಿ ಪೆಟ್ಟಿಗೆ ತಾಗಿಸಿ, ಹಳೇ ಬ್ಲೇಡನ್ನು ಮೆಲ್ಲಗೆ ತೂರಿಸಿದೆ. ಬಾಲ ಮತ್ತು ಮೂರು ಬಾಲ್ಸಾ ಗೋಡೆ ಸಲೀಸಾಗಿ ಬಂದವು. ಅರಾಲ್ಡೈಟ್ ಹಾಕಿದ್ದು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಬಲಗಡೆಯ ಪಟ್ಟಿಯನ್ನು ಅಲ್ಲಿ ಕೊರೆದೇ ತೆಗೆಯಬೇಕಾಯಿತು, ಅದರ ಒಳಪದರದ ಪ್ಲೈ ಸಮೇತ. ಇಸ್ತ್ರಿ ಪೆಟ್ಟಿಗೆಯ ತಳಕ್ಕೆ ಗೋಂದಿನ ಕಂದು ಕಲೆ ಆಗಿದೆ. ಇದು ಇನ್ನೂ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಬಿಚ್ಚಿದ ಎರಡೂ ಪಟ್ಟಿಯ ಬಾಲದ ಭಾಗವನ್ನು ಟೇಬಲ್ ಅಂಚಿನಿಂದ ಹೊರಗೆ ಚಾಚಿ, ಈಚೆ ತುದಿಗೆ ಇಟ್ಟಿಗೆ ಹೇರಿ, ಆಚೆ ತುದಿಗೆ ಎರಡೆರಡು ಬಟ್ಟೆ ಕ್ಲಿಪ್ ಸಿಕ್ಕಿಸಿದೆ. ಹಗುರಾದದ್ದು ಎರಡು ಬೆರಳು ಇಳಿಯಿತು. ಭಾರದ್ದು ಒಂದೇ ಬೆರಳು. ಕತ್ತರಿಸುವ ಮುಂಚೆ ಐದು ನಿಮಿಷ ಈ ಕೆಲಸ ಮಾಡಿದ್ದರೆ ಒಂದು ವಾರ ಉಳಿಯುತ್ತಿತ್ತು. 35 ಗ್ರಾಂನ ಹಲಗೆ ತೆಗೆದು ಅದನ್ನೂ ಹಾಗೇ ನೋಡಿದೆ. ಎರಡು ಬೆರಳು, ಒಂದು ಕೂದಲು ಕಡಿಮೆ. ಇದೇ ಜೋಡಿ.

ಜೂನ್ 22, ಭಾನುವಾರ

ಹೊಸ ಬಲಪಟ್ಟಿ ಸೇರಿಸಿ ಮತ್ತೆ ಕಟ್ಟಿದೆ. ಈ ಸಲ ಬಾಲವನ್ನು ಒಂದೇ ಸಲಕ್ಕೆ ಎಳೆಯಲಿಲ್ಲ. ಪಟ್ಟಿಗಳ ಹೊರಮೈಗೆ ಒದ್ದೆ ಬಟ್ಟೆ ಸವರಿ, ತೇವಕ್ಕೆ ಹೊರಮೈ ಹಿಗ್ಗಿ ಒಳಕ್ಕೆ ತಾನೇ ಬಾಗಲು ಬಿಟ್ಟು, ನಡುಗೆರೆಗೆ ತಾಳೆ ನೋಡುತ್ತ ಸ್ವಲ್ಪ ಸ್ವಲ್ಪವೇ ಹತ್ತಿರ ತಂದೆ. ಹೊರಗೆ ಜಿಟಿಜಿಟಿ ಮಳೆ. ಈ ಮಳೆಯಲ್ಲಿ ಗೋಂದುಗಳ ಸ್ವಭಾವವೇ ಬದಲಾಗುತ್ತದೆ. ಫೆವಿಕಾಲ್ ಒಣಗಲು ಒಂದು ದಿನ ಪೂರ್ತಿ ಬೇಡುತ್ತದೆ. ಫೆವಿಕ್ವಿಕ್ ಉಲ್ಟಾ, ಗಾಳಿಯ ತೇವದಿಂದಲೇ ಅದು ಗಟ್ಟಿಯಾಗುವುದು, ಹಾಗಾಗಿ ಇನ್ನೂ ಅವಸರ. ಒಂದು ಹನಿ ಹಾಕಿ ಬೆರಳು ತೆಗೆಯುವಷ್ಟರಲ್ಲಿ ಬೆರಳೂ ವಿಮಾನದ ಭಾಗ.

ಮರುದಿನ ಕಾಕಾ ಬಂದು ಒಂದು ಕಣ್ಣು ಮುಚ್ಚಿ ನೋಡಿದರು. ಏನೂ ಹೇಳದೆ ಕೆಳಗಿಟ್ಟು ಚಹಾ ಕೇಳಿದರು.

ಕೆಳಗಿನ ಮುಚ್ಚಳ ಹಾಕುವ ಮುಂಚೆ ನಳಿಗೆ ಕೂರಿಸಿದೆ. ಹೊರಗೆ 2 ಮಿ.ಮೀ. ಪ್ಲಾಸ್ಟಿಕ್, ಒಳಗೆ 0.8 ಮಿ.ಮೀ. ಸ್ಟೀಲ್ ತಂತಿ, ಒಂದು ರಡ್ಡರ್‌ಗೆ, ಒಂದು ಮೂಗು ಮೇಲೆ ಕೆಳಗೆ ಮಾಡುವ ಎಲಿವೇಟರ್‌ಗೆ. ಪ್ರತಿ ಗೋಡೆ ದಾಟುವಲ್ಲಿಯೂ ಒಂದು ಚುಕ್ಕೆ ಗೋಂದು. ನಳಿಗೆ ಅಲ್ಲಾಡಿದರೆ ತಂತಿ ತಳ್ಳುವ ಬದಲು ಬಾಗುತ್ತದೆ. ಸರ್ವೋ, ಅಂದರೆ ತಂತಿ ತಳ್ಳುವ ಸಣ್ಣ ಮೋಟಾರು, ಎರಡೂ 9 ಗ್ರಾಂನವು, ರೆಕ್ಕೆಯ ಕೆಳಗೆ ಅಕ್ಕಪಕ್ಕ.

ಮುಚ್ಚಳದ ಬಾಲ್ಸಾ ಎಳೆಯನ್ನು ಉದ್ದಕ್ಕೆ ಇಡದೆ ಅಡ್ಡಕ್ಕೆ ಇಟ್ಟೆ. ಸಣ್ಣ ಸಣ್ಣ ತುಂಡು ಜೋಡಿಸುವ ಬೇಸರದ ಕೆಲಸ, ಆದರೆ ಒಡಲು ತಿರುಚುವುದಿಲ್ಲ.

ಜೂನ್ 25

ಮಣ್ಣೆತ್ತಿನ ಅಮಾವಾಸ್ಯೆ. ಅಕ್ಕನ ಮಗಳು ಬಂದಿದ್ದಳು. ಮುಂಜಾನೆಯೇ ಎರೆಮಣ್ಣು ಕಲಸಿ ಎರಡು ಎತ್ತು, ಒಂದು ಗೋದಲಿ ಮಾಡಿ, ಕೋಡಿಗೆ ಜೋಳದ ಕಾಳು ಒತ್ತಿದ್ದಳು. ಮಿಕ್ಕ ಮಣ್ಣು ನನಗೆ ಬೇಕಾಗಿತ್ತು.

ಒಡಲಿಗೆ ಹಳೇ ರೆಕ್ಕೆ, ಬಾಲ, ಬ್ಯಾಟರಿ, ರಿಸೀವರ್ ಎಲ್ಲ ಸೇರಿಸಿ ತೂಕದ ಸಮತೋಲ ನೋಡಬೇಕಿತ್ತು. ರೆಕ್ಕೆಯ ಬುಡದ ಅಗಲ 230 ಮಿ.ಮೀ. ಮುಂದಂಚಿನಿಂದ 75 ಮಿ.ಮೀ. ಹಿಂದೆ, ಅಂದರೆ ಸುಮಾರು ಮೂರನೇ ಒಂದು ಪಾಲಿನ ಹತ್ತಿರ, ಎರಡು ಬೆರಳ ಮೇಲೆ ಎತ್ತಿದರೆ ಮೂಗು ಬಾಲ ಸಮ ನಿಲ್ಲಬೇಕು. ಬಾಲ ಕೆಳಗೆ ಕೂತಿತು. ಮೂಗಿನೊಳಗೆ ಎರೆಮಣ್ಣು ಸ್ವಲ್ಪ ಸ್ವಲ್ಪ ತುಂಬುತ್ತ ಹೋದೆ. ಹುಡುಗಿ ಪಕ್ಕದಲ್ಲೇ ನಿಂತು, "ಮಾಮಾ, ಇದಕ್ಕೂ ಪೂಜೆ ಮಾಡೂದೇನು?" ಅಂದಳು. ಸಮ ನಿಂತಾಗ ಮಣ್ಣು ತೆಗೆದು ತೂಗಿದೆ, 62 ಗ್ರಾಂ. ಮತ್ತೆ ಮೂಗಿಗೇ ಒತ್ತಿಟ್ಟೆ. ವಿಮಾನದ ಒಟ್ಟು ತೂಕ 870 ಗ್ರಾಂ.

ಒಡಲಿನ ಕೆಳಗೆ, ಹಾರಿಸುವಾಗ ರಬ್ಬರ್ ಹಗ್ಗ ಸಿಕ್ಕಿಸಿ ಎಳೆಯುವ ಕೊಕ್ಕೆಗೆ ಪ್ಲೈ ತುಂಡು ಕೂರಿಸಿದ್ದೂ ಇವತ್ತೇ. ಸಮತೋಲದ ಜಾಗಕ್ಕಿಂತ 8 ಮಿ.ಮೀ. ಮುಂದೆ. ಹಿಂದೆ ಹೋದರೆ ರಬ್ಬರ್ ಹಗ್ಗ ಎಳೆದು ಬಿಟ್ಟ ಕೂಡಲೇ ಗ್ಲೈಡರ್ ಹಾದಿ ಬಿಟ್ಟು ಹೊರಳುತ್ತದೆ.

ಜೂನ್ 28

ಸುಮ್ನೆ ಇನ್ನೊಮ್ಮೆ ಬೆರಳ ಮೇಲೆ ಎತ್ತಿದೆ. ಬಾಲ ಮತ್ತೆ ಕೆಳಗೆ! ಸಮತೋಲ 80 ಮಿ.ಮೀ.ಗೆ ಹಿಂದೆ ಸರಿದಿತ್ತು. ಬಾಲಕ್ಕೆ ಏನಾದರೂ ಸೇರಿತೇ, ಬ್ಯಾಟರಿ ಜಾರಿತೇ ಅಂತ ಅರ್ಧ ತಾಸು ಹುಡುಕಿದೆ. ಕೊನೆಗೆ ಮೂಗಿನ ಮಣ್ಣು ತೆಗೆದು ತೂಗಿದರೆ 47 ಗ್ರಾಂ. ಮೂರು ದಿನದಲ್ಲಿ 15 ಗ್ರಾಂ ನೀರು ಆರಿ ಹೋಗಿದೆ. ಮೂಗಿನ ತುದಿಯಲ್ಲಿ 15 ಗ್ರಾಂ ಅಂದರೆ ಇಷ್ಟು ಫರಕು.

ಟೈರ್ ಅಂಗಡಿಗೆ ಹೋಗಿ ಚಕ್ರಕ್ಕೆ ಅಂಟಿಸುವ ಹಳೇ ಸೀಸದ ತುಂಡು ಕೇಳಿದೆ. ಒಂದೊಂದರ ಮೇಲೆ 5, 10 ಅಂತ ಗ್ರಾಂ ಅಚ್ಚಾಗಿರುತ್ತದೆ, ಲೆಕ್ಕಕ್ಕೆ ಅನುಕೂಲ. "ಯಾವ ಗಾಡಿಗ್ರಿ?" ಅಂದರು. ವಿಮಾನಕ್ಕೆ ಅಂದೆ. ನಕ್ಕು, ದುಡ್ಡು ತೊಗೊಳ್ಳಲಿಲ್ಲ.

ಜೂನ್ 29, ಭಾನುವಾರ

ಬಾಲದ ತುದಿಗೆ ಗುಂಡುಪಿನ್ನು ಚುಚ್ಚಿ, ದಾರ ಕಟ್ಟಿ, ಎಡ ರೆಕ್ಕೆಯ ತುದಿಗೆ ಒಮ್ಮೆ, ಬಲಕ್ಕೆ ಒಮ್ಮೆ ಎಳೆದು ಅಳೆದೆ. ವ್ಯತ್ಯಾಸ 1 ಮಿ.ಮೀ. ಆ ಕುಡಗೋಲಿನ ಮೇಲೆ ಇದನ್ನೇ ಅಳೆದಿದ್ದರೆ ಹತ್ತಿರ ಹತ್ತಿರ 10 ಬರುತ್ತಿತ್ತು.

ಸ್ಯಾಂಡ್ ಪೇಪರ್ ಹಿಡಿದು ಅಂಚುಗಳನ್ನು ದುಂಡು ಮಾಡಿದೆ. ಬಾಲ್ಸಾ ಬೆಣ್ಣೆಯ ಹಾಗೆ ಸವೆಯುತ್ತದೆ, ಫೆವಿಕಾಲ್ ಗೆರೆ ಮಾತ್ರ ರಬ್ಬರಿನ ಹಾಗೆ ಎದ್ದು ನಿಲ್ಲುತ್ತದೆ. ಅಲ್ಲಿ ಬ್ಲೇಡೇ ಗತಿ. ಬರೀ ಒಡಲಿನ ತೂಕ 198 ಗ್ರಾಂ. ಹಳೆಯದು 231 ಇತ್ತು.

ಹೊದಿಕೆ, ಅಂದರೆ ಬಿಸಿ ಮಾಡಿ ಅಂಟಿಸುವ ತೆಳು ಹಾಳೆ, ಇನ್ನೂ ಹಾಕಿಲ್ಲ. ಅದಕ್ಕೆ ಇಸ್ತ್ರಿ ಪೆಟ್ಟಿಗೆ ಬೇಕು, ಆ ಕಲೆಯ ವಿಷಯ ಮೊದಲು ಇತ್ಯರ್ಥ ಆಗಬೇಕು. ಹಾರಿಸಲು ಹೇಗೂ ಅವಸರವಿಲ್ಲ. ಅಣ್ಣಿಗೇರಿ ಕಡೆಯ ಹೊಲಗಳಲ್ಲಿ ಈಗ ಬಿತ್ತನೆ ಆಗಿದೆ, ಬೆಳೆ ತುಳಿಯಲು ಆಗುತ್ತದೆಯೇ? ಗದಗಿನ ಗೆಳೆಯ ಕಪ್ಪತಗುಡ್ಡಕ್ಕೆ ಬಾ ಅನ್ನುತ್ತಾನೆ. ಅಲ್ಲಿನ ಗಾಳಿ ಎಂಥದ್ದು ಅಂತ ಗಾಳಿಯಂತ್ರಗಳನ್ನು ನೋಡಿದರೆ ಗೊತ್ತಾಗುತ್ತದೆ, ಗುಡ್ಡದ ಇಳಿಜಾರಿಗೆ ಬಡಿದು ಮೇಲೇಳುವ ಗಾಳಿಯಲ್ಲಿ ಗ್ಲೈಡರ್ ತಾಸುಗಟ್ಟಲೆ ನಿಲ್ಲುತ್ತದೆ. ಆದರೆ 2019ರಿಂದ ಅದು ವನ್ಯಧಾಮ, ಅಲ್ಲಿ ಹಾರಿಸುವ ಮಾತು ಬೇಡ ಅಂದೆ. ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆ ವಿಮಾನ ನಿಲ್ದಾಣವೇ ಇದೆ, ಆ ದಿಕ್ಕಿಗೆ ತಲೆ ಹಾಕುವ ಹಾಗಿಲ್ಲ. ನವಲಗುಂದದ ಹತ್ತಿರ ಗೆಳೆಯನ ಮಾವನದ್ದು ಒಂದು ಬೀಳು ಹೊಲ ಇದೆಯಂತೆ. ಮುಂದಿನ ಭಾನುವಾರ ಮಳೆ ಬಿಟ್ಟರೆ ಹೋಗಿ ನೋಡಿ ಬರುತ್ತೇನೆ.