30ಕ್ಕೆ ಹೊರಟು 24ಕ್ಕೆ ನಿಂತ ಭಾನುವಾರ

ಮೈಸೂರು
24 ನವೆಂಬರ್ 2024, ಭಾನುವಾರ

ಗುರಿ 30 ಕಿ.ಮೀ., ಆದದ್ದು 24. ಸಮಯ 2 ಗಂಟೆ 36 ನಿಮಿಷ. ಬೋಗಾದಿ–ಗದ್ದಿಗೆ ರಸ್ತೆ, ಒಂಟಿ ಓಟ, ಹೋಗಿ ಬರುವ ದಾರಿ. ಬೆಳಿಗ್ಗೆ 5.10ಕ್ಕೆ ಶುರು, 7.46ಕ್ಕೆ ನಿಂತದ್ದು. ಉಳಿದ ಆರು ಕಿ.ಮೀ. ಬಸ್ಸಿನ ಪಾಲು. ಜನವರಿ 19ರ ಮುಂಬೈ ಮ್ಯಾರಥಾನ್‌ಗೆ ಸರಿಯಾಗಿ ಎಂಟು ವಾರ ಬಾಕಿ.

ಇಂಥ ದಿನ ವಾಚಿನ ಲೆಕ್ಕವನ್ನು ಸ್ನಾನಕ್ಕೆ ಮೊದಲೇ ಬರೆದಿಡಬೇಕು. ಸಂಜೆಯಾಗುವಷ್ಟರಲ್ಲಿ ಮನಸ್ಸು ತನಗೆ ಬೇಕಾದ ಕತೆ ಕಟ್ಟಿಕೊಂಡಿರುತ್ತದೆ. ಇಂದಿನ ಅಂಕಿಗಳು ಹೀಗಿವೆ: 1ರಿಂದ 8ನೇ ಕಿ.ಮೀ.ವರೆಗೆ ಸರಾಸರಿ ಪೇಸ್ (ಒಂದು ಕಿ.ಮೀ.ಗೆ ಹಿಡಿದ ನಿಮಿಷ, ಸೆಕೆಂಡ್) 5.50, ಎದೆಬಡಿತ ನಿಮಿಷಕ್ಕೆ 148. 9ರಿಂದ 16ರವರೆಗೆ 6.18, ಬಡಿತ 152. 17ರಿಂದ 20ರವರೆಗೆ 6.40, ಬಡಿತ 156. ಆಮೇಲೆ 7.02, 7.35, 8.10, ಕೊನೆಯದು 9.05, ಅದರಲ್ಲಿ ಅರ್ಧ ನಡಿಗೆ. ಕೊನೆಯ ಮೂರು ಕಿ.ಮೀ.ಗಳಲ್ಲಿ ಎದೆಬಡಿತ 144ಕ್ಕೆ ಇಳಿದಿದೆ. ಅಂದುಕೊಂಡಿದ್ದ ಪೇಸ್ 6.20ರಿಂದ 6.30.

ಅಂದರೆ 24ರಲ್ಲಿ ನಿಂತ ಓಟ ಎಂಟರೊಳಗೇ ಕೆಟ್ಟಿತ್ತು. ಸ್ವಲ್ಪ ಶನಿವಾರ ರಾತ್ರಿಯೇ ಕೆಟ್ಟಿತ್ತು ಅಂದರೂ ತಪ್ಪಲ್ಲ.

ಪೇಸ್ ಒಂದನ್ನೇ ನೋಡಿದರೆ ಇದು ಗೊತ್ತಾಗುವುದಿಲ್ಲ. ಒಂದು ಕಿ.ಮೀ.ಗೆ ಹೃದಯ ಎಷ್ಟು ಸಲ ಬಡಿಯಿತು ಎಂದು ತೆಗೆದರೆ ಗೊತ್ತಾಗುತ್ತದೆ. ಲೆಕ್ಕ ಸುಲಭ: ಆ ಕಿ.ಮೀ.ಗೆ ಹಿಡಿದ ನಿಮಿಷವನ್ನು ಸರಾಸರಿ ಎದೆಬಡಿತದಿಂದ ಗುಣಿಸಿದರಾಯಿತು. ಮೊದಲ ಹತ್ತು ಕಿ.ಮೀ.ಗಳ ಸರಾಸರಿ 5.56 ನಿಮಿಷ, ಬಡಿತ 149, ಕಿ.ಮೀ.ಗೆ 884 ಬಡಿತ. ಮುಂದಿನ ಹತ್ತರಲ್ಲಿ 6.27, ಬಡಿತ 154, ಕಿ.ಮೀ.ಗೆ 993. ಶೇ 12ರಷ್ಟು ಏರಿಕೆ. ಹದವಾಗಿ ಓಡಿದ ಲಾಂಗ್ ರನ್‌ನಲ್ಲಿ ಇದು ಶೇ 5ರೊಳಗೆ ಇರಬೇಕು. (5.56 ಅಂದರೆ 5 ನಿಮಿಷ 56 ಸೆಕೆಂಡ್. ಗುಣಿಸುವ ಮುಂಚೆ 5.93 ಮಾಡಿಕೊಳ್ಳದಿದ್ದರೆ ಲೆಕ್ಕವೇ ತಪ್ಪುತ್ತದೆ.) ಮಣಿಕಟ್ಟಿನ ವಾಚು ಚಳಿಯಲ್ಲಿ ಮೊದಲ ಒಂದು ಕಿ.ಮೀ. ಎದೆಬಡಿತದ ಬದಲು ಹೆಜ್ಜೆಯನ್ನೇ ಎಣಿಸುವುದುಂಟು. ಆರಂಭದಲ್ಲೇ 170 ತೋರಿಸಿದರೆ ಆ ಕಿ.ಮೀ. ಬಿಟ್ಟು ಲೆಕ್ಕ ಹಾಕುವುದು ವಾಸಿ.

ಈಗ ಮುಖ್ಯ ಪ್ರಶ್ನೆ: ಕೈಕೊಟ್ಟದ್ದು ಯಾವುದು? ನೀರೋ, ಇಂಧನವೋ, ಸ್ನಾಯುವೋ? ಮೂರಕ್ಕೂ ಮದ್ದು ಬೇರೆ ಬೇರೆ, ಹಾಗಾಗಿ ಇಲ್ಲಿ ಅವಸರ ಮಾಡಬಾರದು. ಬಿಸಿಲು ಅಥವಾ ನೀರಿನ ಕೊರತೆಯಾದರೆ ಪೇಸ್ ಇಳಿಯುತ್ತಿದ್ದರೂ ಎದೆಬಡಿತ ಏರುತ್ತಲೇ ಇರುತ್ತದೆ. ತೊಡೆಯ ಸ್ನಾಯು ಸೋತರೆ ತಲೆ ಚುರುಕಾಗೇ ಇರುತ್ತದೆ, ಇಳಿಜಾರಿನಲ್ಲಿ ನೋವು ಹೆಚ್ಚು. ಇಂಧನ ಮುಗಿದರೆ, ಅಂದರೆ ಓಟಗಾರರು ‘ಬಾಂಕ್’ ಅನ್ನುವುದು ಆದರೆ, ಪೇಸೂ ಬಡಿತವೂ ಒಟ್ಟಿಗೆ ಇಳಿಯುತ್ತವೆ. ಹೃದಯಕ್ಕೆ ಇನ್ನೂ ಶಕ್ತಿಯಿದೆ, ಕಾಲು ಕೆಲಸ ಕೇಳುತ್ತಿಲ್ಲ. ಮೈ ಸಣ್ಣಗೆ ನಡುಗುತ್ತದೆ, ತಲೆ ಮಂದವಾಗುತ್ತದೆ, ಕಾರಣವಿಲ್ಲದೆ ಸಿಟ್ಟು ಬರುತ್ತದೆ.

ಒಂಟಿಯಾಗಿ ಓಡುವಾಗ ಇದನ್ನು ಪತ್ತೆ ಹಚ್ಚಲು ಹದಿಮೂರರ ಮಗ್ಗಿಗಿಂತ ಒಳ್ಳೆಯ ಸಾಧನ ಇಲ್ಲ. ಜೊತೆಗಾರರಿದ್ದರೆ ಮಾತಿನಲ್ಲೇ ಉಸಿರಿನ ಅಳತೆ ಸಿಗುತ್ತದೆ. ಒಬ್ಬರೇ ಇದ್ದರೆ ಮಗ್ಗಿಯನ್ನು ಗಟ್ಟಿಯಾಗಿ ಹೇಳಬೇಕು. ಒಂದು ಉಸಿರಿಗೆ ಎರಡು ಸಾಲು, ಹದಿಮೂರೊಂದ್ಲ ಹದಿಮೂರು, ಹದಿಮೂರೆರಡ್ಲ ಇಪ್ಪತ್ತಾರು, ಏದುಸಿರಿಲ್ಲದೆ ಬಂದರೆ ಪೇಸ್ ಸರಿಯಿದೆ. ಇಂದು ಆರನೇ ಕಿ.ಮೀ.ಯಲ್ಲಿ ಸಾಲಿಗೊಂದು ಉಸಿರು ಬೇಕಾಗಿತ್ತು. ಆಗಲೇ ಇಳಿಸಬೇಕಿತ್ತು. ಇಪ್ಪತ್ತೆರಡರಲ್ಲಿ ಉಸಿರೇನೋ ಇತ್ತು, ಆದರೆ ಮಗ್ಗಿ ಹದಿಮೂರೇಳರ ಹತ್ತಿರ ನಿಂತುಹೋಯಿತು.

ಅಂದರೆ ಸೋತದ್ದು ಇಂಧನ; ನೀರಿನ ಲೆಕ್ಕವೂ ಇದನ್ನೇ ಹೇಳುತ್ತದೆ. ಹೊರಡುವ ಮೊದಲು ತೂಕ 64.2 ಕೆ.ಜಿ., ಬಂದ ಮೇಲೆ 62.7. ಎರಡೂ ಸಲ ಬಟ್ಟೆಯಿಲ್ಲದೆ, ಬೆವರು ಒರೆಸಿಕೊಂಡು. ಇಳಿದದ್ದು ಒಂದೂವರೆ ಕೆ.ಜಿ., ಕುಡಿದದ್ದು 600 ಮಿ.ಲೀ., ಒಟ್ಟು ಬೆವರು ಸುಮಾರು 2.1 ಲೀಟರ್, ಗಂಟೆಗೆ 800 ಮಿ.ಲೀ. ತೂಕದಲ್ಲಿ ಶೇ 2.3 ಇಳಿಕೆ ಎಂದರೆ ಕಾಲೆಳೆಯಲು ಸಾಕು, ಮಲಗಿಸಲು ಸಾಲದು. ಅಂದಹಾಗೆ, ಓಟ ಮುಗಿಸಿದಾಗ ತೂಕ ಹೆಚ್ಚಾಗಿದ್ದರೆ ಅದು ಇನ್ನೂ ಅಪಾಯ: ಬರೀ ನೀರು ಅತಿಯಾಗಿ ಕುಡಿದು ರಕ್ತದ ಸೋಡಿಯಂ ಇಳಿದಿರಬಹುದು.

ಇಂಧನದ ಖಾತೆ ಮಾತ್ರ ನೋಡುವಂತಿಲ್ಲ. ಓಟಕ್ಕೆ ಕೆ.ಜಿ. ತೂಕಕ್ಕೆ, ಕಿ.ಮೀ.ಗೆ ಹೆಚ್ಚುಕಮ್ಮಿ ಒಂದು ಕ್ಯಾಲರಿ. 64 ಕೆ.ಜಿ.ಗೆ 24 ಕಿ.ಮೀ. ಎಂದರೆ 1,536. ಪೇಸ್ ಜಾಸ್ತಿಯಾದಷ್ಟೂ ದೇಹ ಕೊಬ್ಬು ಬಿಟ್ಟು ಕಾರ್ಬೋಹೈಡ್ರೇಟ್‌ಗೆ ಕೈ ಹಾಕುತ್ತದೆ. ಮೂರರಲ್ಲಿ ಎರಡು ಪಾಲು ಅದರಿಂದ ಎಂದಿಟ್ಟುಕೊಂಡರೆ 250 ಗ್ರಾಂ ಖರ್ಚು. ಸ್ನಾಯುಗಳಲ್ಲಿ 300ರಿಂದ 500 ಗ್ರಾಂ, ಯಕೃತ್ತಿನಲ್ಲಿ 80ರಿಂದ 100 ಗ್ರಾಂ ಗ್ಲೈಕೋಜೆನ್ (ದೇಹ ಕೂಡಿಟ್ಟ ಕಾರ್ಬೋಹೈಡ್ರೇಟ್) ಇರುತ್ತದಲ್ಲ, ಹಾಗಾದರೆ ಕೊರತೆ ಎಲ್ಲಿಂದ ಬಂತು? ಮೊದಲನೆಯದಾಗಿ, ತೋಳಿನ ಸ್ನಾಯುವಿನಲ್ಲಿರುವುದು ಕಾಲಿಗೆ ಬರುವುದಿಲ್ಲ. ಒಂದು ಸ್ನಾಯು ತನ್ನ ದಾಸ್ತಾನನ್ನು ಇನ್ನೊಂದಕ್ಕೆ ಕೊಡುವುದಿಲ್ಲ. ಜೊತೆಗೆ ಶುಕ್ರವಾರ ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಏರು ಓಟ ನಡೆದಿತ್ತು. ಖಾಲಿಯಾದ ಕಣಜ ತುಂಬಲು ಚೆನ್ನಾಗಿ ಉಂಡರೂ 24 ಗಂಟೆಗಿಂತ ಕಡಿಮೆ ಸಾಲದು. ಶನಿವಾರ ಉಂಡದ್ದು ಮಧ್ಯಾಹ್ನದ ಮದುವೆ ಊಟ ಒಂದೇ. ಹೋಳಿಗೆ ತುಪ್ಪದ ಭಾರಕ್ಕೆ ರಾತ್ರಿ ಮಜ್ಜಿಗೆಯಲ್ಲೇ ಮುಗಿದಿತ್ತು. ಯಕೃತ್ತಿನ ದಾಸ್ತಾನು ನಿದ್ದೆಯಲ್ಲೂ ಕರಗುತ್ತದೆ, ಬೆಳಿಗ್ಗೆ ಅದಕ್ಕೆ ಸಿಕ್ಕಿದ್ದು ಫಿಲ್ಟರ್ ಕಾಫಿ, ಎರಡು ಖರ್ಜೂರ. ದಾರಿಯಲ್ಲಿ 14ನೇ ಕಿ.ಮೀ.ಗೆ ಒಂದು ಜೆಲ್, ಅಂದರೆ ಓಟಗಾರರ ಸಕ್ಕರೆ ಪಾಕದ ಪೊಟ್ಟಣ (ಕಾರ್ಬೋಹೈಡ್ರೇಟ್ 22 ಗ್ರಾಂ), 19ಕ್ಕೆ ಒಂದು ಪಚ್ಚಬಾಳೆ (ಸುಮಾರು 25). ಗಂಟೆಗೆ 18 ಗ್ರಾಂ ಬಿತ್ತು. ಎರಡು ಗಂಟೆ ಮೀರುವ ಓಟಕ್ಕೆ ಗಂಟೆಗೆ 45ರಿಂದ 60 ಗ್ರಾಂ ಬೇಕು.

ಹಸಿವಾದಾಗ ತಿಂದರಾಯಿತು ಅನ್ನುವ ಪದ್ಧತಿ ಇಲ್ಲಿ ನಡೆಯದು. ಹಸಿವು ತಿಳಿಯುವ ಹೊತ್ತಿಗೆ ಹೊಟ್ಟೆಯಿಂದ ರಕ್ತಕ್ಕೆ ಸಕ್ಕರೆ ತಲುಪಿಸುವ ಸಮಯ ದಾಟಿರುತ್ತದೆ. ವಾಚಿನಲ್ಲಿ 30 ನಿಮಿಷಕ್ಕೊಂದು ಅಲಾರಂ ಇಟ್ಟು, ಮೊದಲ ಅಲಾರಂನಿಂದಲೇ ತಿನ್ನಬೇಕು.

ಓಆರ್‌ಎಸ್ ಬಗ್ಗೆ ಒಂದು ಮಾತು, ಏಕೆಂದರೆ ಇಂದಿನ ಬಾಟಲಿಯಲ್ಲಿ ಇದ್ದದ್ದು ಅದೇ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪೊಟ್ಟಣವನ್ನು ಒಂದು ಲೀಟರ್‌ಗೆ ಕಲಸಿದರೆ ಅದರಲ್ಲಿರುವ ಗ್ಲೂಕೋಸ್ 13.5 ಗ್ರಾಂ ಮಾತ್ರ. ಉಪ್ಪಿನಂಶಕ್ಕೆ ಅದು ಚಿನ್ನ, ಶಕ್ತಿಗೆ ಏನೂ ಅಲ್ಲ. ಅದು ಭೇದಿಗೆ ಮಾಡಿದ ಔಷಧ, ಓಟಕ್ಕಲ್ಲ. ಎಳನೀರು ಇನ್ನೊಂದು ತುದಿ: ಪೊಟ್ಯಾಸಿಯಂ ಧಾರಾಳ, ಬೆವರಲ್ಲಿ ನಾವು ಕಳೆದುಕೊಳ್ಳುವ ಸೋಡಿಯಂ ಅದರಲ್ಲಿ ಕಡಿಮೆ. ಮನೆಯಲ್ಲೇ ಕಲಸುವುದಾದರೆ 500 ಮಿ.ಲೀ. ನೀರು, 30 ಗ್ರಾಂ ಸಕ್ಕರೆ, 1 ಗ್ರಾಂ ಉಪ್ಪು, ಅರ್ಧ ನಿಂಬೆಹಣ್ಣು. ಗಂಟೆಗೆ ಇದೊಂದು ಬಾಟಲಿ, ಜೊತೆಗೆ ಒಂದು ಜೆಲ್. 52 ಗ್ರಾಂ ಆಯಿತು. ಜೆಲ್ ಮಾತ್ರ ಬರೀ ನೀರಿನೊಂದಿಗೆ, ಎರಡು ಗುಟುಕು. ಸಕ್ಕರೆ ನೀರಿನ ಮೇಲೆ ಜೆಲ್ ನುಂಗಿದರೆ ಹೊಟ್ಟೆಯಲ್ಲಿ ಪಾಕ ಗಟ್ಟಿಯಾಗಿ ತೊಳಸುತ್ತದೆ.

ಮೊದಲ ಎಂಟು ಕಿ.ಮೀ. ಅಷ್ಟು ಜೋರಾಗಿ ಓಡಿಸಿದ್ದು ಕತ್ತಲು. ಈ ತಿಂಗಳು ಸೂರ್ಯ ಹುಟ್ಟುವುದು ಆರೂ ಕಾಲರ ನಂತರ. ಅಲ್ಲಿಯವರೆಗೆ ತಲೆದೀಪದ ಬೆಳಕಿನ ವೃತ್ತದೊಳಗಿನ ರಸ್ತೆ ಬಿಟ್ಟು ಬೇರೇನೂ ಕಾಣುವುದಿಲ್ಲ, ವೇಗದ ಅಂದಾಜು ತಪ್ಪುತ್ತದೆ. ಮೇಲಾಗಿ ತಂಪು. ಪೇಸ್ 6.15ಕ್ಕಿಂತ ಚುರುಕಾದರೆ ವಾಚ್ ಕೂಗುವಂತೆ ಮಾಡಿಡುವುದೇ ದಾರಿ. ಕತ್ತಲಲ್ಲಿ ಬಲಬದಿಯಲ್ಲಿ, ಎದುರು ಬರುವ ವಾಹನ ಕಾಣುವಂತೆ ಓಡಬೇಕು, ಹೊಳೆಯುವ ಪಟ್ಟಿಯ ಅಂಗಿ ಇರಬೇಕು. ನಾಯಿ ಬಂದರೆ ಓಡಬಾರದು, ನಡೆಯಬೇಕು, ಅಷ್ಟೇ.

ಹೋಗಿ ಬರುವ ದಾರಿಗೆ ಒಂದು ಗುಣ, ಒಂದು ದೋಷ. ತಿರುವಿನ ನಂತರ ಮನೆ ಕಡೆಗೇ ಓಟ, ನಡುವೆ ಬಿಟ್ಟುಬಿಡುವ ಆಸೆ ಬರುವುದಿಲ್ಲ. ಆದರೆ ಕೈಕೊಟ್ಟರೆ ಬೇಕಾದದ್ದು ಯಾವುದೂ ಹತ್ತಿರ ಇರುವುದಿಲ್ಲ. ಪ್ರಯೋಗದ ದಿನಗಳಿಗೆ ಐದು ಕಿ.ಮೀ. ಸುತ್ತೇ ಮೇಲು: ಸ್ಕೂಟರ್ ಡಿಕ್ಕಿಯಲ್ಲಿ ಬಾಟಲಿ, ಬಾಳೆಹಣ್ಣು, ಒಣ ಸಾಕ್ಸ್. ಯಾವ ದಾರಿಯಾದರೂ ಫೋನು, ಪ್ಲಾಸ್ಟಿಕ್ ಚೀಲದಲ್ಲಿ ಇನ್ನೂರು ರೂಪಾಯಿ ನೋಟು. ಬೆವರಿದ ಬೆರಳಿಗೆ ಫೋನು ಸ್ಪಂದಿಸದಿದ್ದರೆ ಯುಪಿಐ ಇದ್ದೂ ಇಲ್ಲದಂತೆ.

ನಿಂತದ್ದು ಸರಿಯೇ. ಎರಡು ನಿಮಿಷ ನಡೆದು 20–25 ಗ್ರಾಂ ಸಕ್ಕರೆ ಒಳಗೆ ಹಾಕಿ, ಹತ್ತು ಹದಿನೈದು ನಿಮಿಷ ನೋಡಬೇಕು. ಆಗಲೂ ಹೆಜ್ಜೆ ಸರಿಯಾಗದಿದ್ದರೆ ಮುಂದಿನ ಕಿ.ಮೀ.ಗಳು ತರಬೇತಿಯಲ್ಲ, ಬರೀ ಸವೆತ. ಒಂದೇ ಕಡೆ ನೋವು, ತಲೆಸುತ್ತು, ವಾಂತಿ, ಬೆವರಿದ ಮೈಗೆ ಚಳಿ ಇದ್ದರಂತೂ ಆ ಪ್ರಯೋಗವೂ ಬೇಡ, ನೇರ ನಿಲ್ಲಿಸುವುದೇ. ಬಸ್ ಹತ್ತುವ ಮುಂಚೆ ಕುಡಿದ ಸಿಹಿ ಟೀ, ಬನ್ನಿಗೆ ತಲೆ ತಿಳಿಯಾದದ್ದು ಇಂಧನದ ಅನುಮಾನಕ್ಕೆ ಕೊನೆಯ ಸಾಕ್ಷಿ.

ಬಾಕಿ ಉಳಿದ ಆರು ಕಿ.ಮೀ.ಯನ್ನು ವಾರದ ನಡುವೆ ತೀರಿಸಲು ಹೋಗಬಾರದು; ಅದು ಸಾಲವಲ್ಲ. ನಾಳೆ ಬಿಡುವು, ಮಂಗಳವಾರ ನಿಧಾನಕ್ಕೆ 6, ಈ ವಾರ ಟೆಂಪೋ (ಚುರುಕು ಪೇಸ್‌ನ ಓಟ) ಇಲ್ಲ, ಏರು ಓಟ ಬುಧವಾರಕ್ಕೆ. ಮುಂದಿನ ಭಾನುವಾರ, ಡಿಸೆಂಬರ್ 1, 20 ಕಿ.ಮೀ. ಮಾತ್ರ, ಆದರೆ ಊಟ ತಿಂಡಿ ಪೂರ್ತಿ ಮ್ಯಾರಥಾನ್ ದಿನದ್ದೇ. 8ಕ್ಕೆ 28, 15ಕ್ಕೆ 20, 22ಕ್ಕೆ 32, 29ಕ್ಕೆ 24, ಆಮೇಲೆ ಓಟದ ದೂರ ಇಳಿಸುತ್ತ ಹೋಗುವುದು. 32ರ ಕೊನೆಯ ನಾಲ್ಕು ಕಿ.ಮೀ. ಏರಿನಲ್ಲಿ ಬರುವಂತೆ ದಾರಿ ಹಾಕಬೇಕು. ಮುಂಬೈಯಲ್ಲಿ ಪೆಡ್ಡರ್ ರಸ್ತೆಯ ಏರು ಎದುರಾಗುವುದು ಕಾಲು ಸೋತ ಮೇಲೆ, ಅದೂ ಸಮುದ್ರದ ಸೆಕೆಯಲ್ಲಿ.

ಶನಿವಾರ ರಾತ್ರಿ ಎಂಟರೊಳಗೆ ಅನ್ನ, ತಿಳಿಸಾರು, ಮೊಸರು. ಮೂರು ಬಟ್ಟಲು ಅನ್ನ, ಕಾಳು ಬೇಡ. ಭಾನುವಾರ ನಾಲ್ಕಕ್ಕೆ ಎದ್ದು ಬೆಲ್ಲ ಸವರಿದ ಎರಡು ಬ್ರೆಡ್ಡು, ಒಂದು ಏಲಕ್ಕಿ ಬಾಳೆ, ಆಮೇಲೆ ಕಾಫಿ. ಸಕ್ಕರೆ ಉಪ್ಪಿನ ಪೊಟ್ಟಣ ಶುಕ್ರವಾರವೇ ತೂಗಿ ಕಟ್ಟಿಡಬೇಕು. ಅಡುಗೆಮನೆಯ ತಕ್ಕಡಿಗೆ ಬ್ಯಾಟರಿ ತರಬೇಕು.