ಶೂನ್ಯ ವೇಳೆಯ ಎರಡು ನಿಮಿಷ

ಕೋಲಾರ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ನಾನು ಸಮಾಜ ವಿಜ್ಞಾನದ ಶಿಕ್ಷಕಿ. ಮೊನ್ನೆ ನಮ್ಮಲ್ಲಿ ಅಣಕು ಸಂಸತ್ತು ನಡೆಯಿತು. ಪ್ರಧಾನಿ ಆಗೋಕೆ ಹುಡುಗರು ಕಿತ್ತಾಡಿದರು. ಮೊದಲ ಸಲ ಗೆದ್ದು ಬಂದ ಸಂಸದೆಯ ಪಾತ್ರಕ್ಕೆ ಮಾತ್ರ ಒಂಬತ್ತನೇ ತರಗತಿಯ ಒಬ್ಬಳೇ ಕೈ ಎತ್ತಿದಳು.

ನನಗೆ ಆ ಪಾತ್ರವೇ ಮುಖ್ಯ. 2024ರಲ್ಲಿ ಕೋಲಾರದಿಂದ ಎಂ. ಮಲ್ಲೇಶ್ ಬಾಬು, ಚಿಕ್ಕಬಳ್ಳಾಪುರದಿಂದ ಡಾ. ಕೆ. ಸುಧಾಕರ್, ತುಮಕೂರಿನಿಂದ ವಿ. ಸೋಮಣ್ಣ ಗೆದ್ದರು. ಮೂವರೂ ಲೋಕಸಭೆಗೆ ಹೊಸಬರು. ಹೊಸಬರು ಎದ್ದು ನಿಂತಾಗ ನಮ್ಮ ಪರವಾಗಿ ಏನು ಕೇಳಬೇಕು ಅನ್ನೋದು ಈ ಬಯಲುಸೀಮೆಯವರಿಗೆ ಬರೀ ಪಾಠವಲ್ಲ.

ತಾಲೀಮಿನ ದಿನ ಅವಳು ಸಭಾಧ್ಯಕ್ಷರಿಗೆ, ನಾಯಕರಿಗೆ, ಮತದಾರರಿಗೆ ವಂದನೆ ಹೇಳುತ್ತಿದ್ದಂತೆ ಗಂಟೆ ಹೊಡೆಯಿತು. ಕಣ್ಣಲ್ಲಿ ನೀರು ತುಂಬಿಕೊಂಡಿತು.

ಸಂಜೆ ಪಕ್ಕದಲ್ಲಿ ಕೂರಿಸಿಕೊಂಡೆ. ಹನ್ನೊಂದಕ್ಕೆ ಪ್ರಶ್ನೋತ್ತರ, ಹನ್ನೆರಡಕ್ಕೆ ಶೂನ್ಯ ವೇಳೆ, ಅಂದರೆ ಸಂಸದರು ತುರ್ತು ವಿಷಯ ಎತ್ತೋ ಹೊತ್ತು, ಸಿಗೋದು ಎರಡು ಮೂರು ನಿಮಿಷ ಎಂದೆ.

"ಮಿಸ್, ಅಲ್ಲಿ ಕನ್ನಡದಲ್ಲಿ ಮಾತಾಡಬಹುದಾ?"

"ಮಾತಾಡಬಹುದು ಪುಟ್ಟಿ. ಉಳಿದವರಿಗೆ ಹೆಡ್‌ಫೋನಿನಲ್ಲಿ ಅನುವಾದ ಕೇಳಿಸುತ್ತೆ."

ಮರುದಿನ ನೋಟ್‌ಬುಕ್ಕಿನ ಕೊನೇ ಹಾಳೆ ತಂದಳು. ತಾತ ಹೇಳಿದ್ದನ್ನು ಹಾಗೇ ಬರೆದುಕೊಂಡಿದ್ದಳು: ಕೆ.ಸಿ. ವ್ಯಾಲಿ ನೀರು ಕೆರೆಗೆ ಬಂತು, ಒಣಗಿದ್ದ ಬೋರು ತುಂಬಿತು, ಟೊಮೊಟೊಗೆ ಬಿಡ್ತೀವಿ, ಕುಡಿಯಲ್ಲ. 'ಕುಡಿಯಲ್ಲ' ಎಂಬುದರ ಕೆಳಗೆ ಎರಡು ಗೆರೆ. ಪೆನ್ನು ಒತ್ತಿ ಹಾಳೆ ಹರಿದಿತ್ತು. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧಮಾಡಿ ನಮ್ಮ ಕೆರೆಗಳಿಗೆ ಹರಿಸೋ ಯೋಜನೆ ಅದು. 2018ರಲ್ಲಿ ನೀರು ಬರತೊಡಗಿತು. ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ಜಿಲ್ಲೆ ಇವತ್ತಿಗೂ ಕೇಳುತ್ತಿದೆ.

ಪ್ರದರ್ಶನದ ದಿನ ಅವಳು ವಂದನೆ ಬಿಟ್ಟು ನೇರವಾಗಿ ಶುರುಮಾಡಿದಳು. "ಮಾನ್ಯ ಸಭಾಧ್ಯಕ್ಷರೇ, ನಮ್ಮೂರ ಕೆರೆ ತುಂಬಿದೆ. ಆ ನೀರನ್ನ ನಮ್ಮ ತಾತ ಕುಡಿಯಲ್ಲ."

ಸಭಾಂಗಣ ಗಪ್‌ಚುಪ್ಪಾಯಿತು.

ಶೂನ್ಯ ವೇಳೆಯಲ್ಲಿ ಮಂತ್ರಿ ಉತ್ತರ ಕೊಡಲೇಬೇಕು ಅಂತೇನಿಲ್ಲ. ಆದರೂ ನಮ್ಮ ಜಲಶಕ್ತಿ ಮಂತ್ರಿ ಎದ್ದ. "ನೀರು ಸಂವಿಧಾನದ ರಾಜ್ಯ ಪಟ್ಟಿಯ ವಿಷಯ. ರಾಜ್ಯ ಸರ್ಕಾರವನ್ನ ಕೇಳಿ." ಇದನ್ನು ಅವನಿಗೆ ಕಲಿಸಿದವಳು ನಾನೇ. ಮುಂದಿನದನ್ನು ಅವಳಿಗೆ ನಾನು ಹೇಳಿಕೊಟ್ಟಿರಲಿಲ್ಲ.

"ಅಂತರರಾಜ್ಯ ನದಿಗಳ ನಿಯಂತ್ರಣ ಕೇಂದ್ರ ಪಟ್ಟಿಯಲ್ಲಿದೆ. ಪಾಲಾರ್ ನಮ್ಮ ಜಿಲ್ಲೆಯಿಂದ ಆಂಧ್ರಕ್ಕೆ, ತಮಿಳುನಾಡಿಗೆ ಹೋಗುತ್ತೆ. ಕೇಂದ್ರ ಅಂತರ್ಜಲ ಮಂಡಳಿಯವರು ಬಂದು ನಮ್ಮ ಬೋರಿನ ನೀರು ಪರೀಕ್ಷೆ ಮಾಡಲಿ. ವರದಿಯನ್ನ ಕನ್ನಡದಲ್ಲಿ ಪಂಚಾಯ್ತಿ ಗೋಡೆಗೆ ಅಂಟಿಸಲಿ."

ಗಂಟೆ ಹೊಡೆಯೋ ಮೊದಲೇ ಕೂತಳು. ಹಿಂದಿನ ಸಾಲಿನಲ್ಲಿದ್ದ ಅಡುಗೆಯ ಅಕ್ಕಂದಿರು ಮೊದಲು ಚಪ್ಪಾಳೆ ತಟ್ಟಿದರು. ನನಗೆ ಗಂಟಲು ಕಟ್ಟಿತು.

ಸಂಸದರು ಚುಕ್ಕೆ ರಹಿತ ಪ್ರಶ್ನೆ ಕೇಳಿದರೆ ಮಂತ್ರಾಲಯ ಲಿಖಿತ ಉತ್ತರ ಕೊಡಬೇಕು ಎಂದು ಅವಳಿಗೆ ಹೇಳಿದೆ. ಬಿಳಿ ಹಾಳೆಯಲ್ಲಿ ನಮ್ಮ ಸಂಸದರಿಗೆ ಅದೇ ಪ್ರಶ್ನೆ ಬರೆದಳು. ಸಹಿ ಹಾಕು ಎಂದೆ.

"ತಾತನಿಗೆ ಒಂದ್ಸಲ ಓದಿ ಹೇಳ್ತೀನಿ ಮಿಸ್," ಅಂದು ಕಾಗದ ಮಡಚಿ ಬ್ಯಾಗಿಗೆ ಹಾಕಿಕೊಂಡಳು.