ಗ್ಯಾಟ್ಸ್‌ಬಿಯ ಜಮಾ-ಖರ್ಚು

ಎಫ್. ಸ್ಕಾಟ್ ಫಿಟ್ಸ್‌ಜೆರಾಲ್ಡ್ ಬರೆದ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ ಇಂಗ್ಲಿಷ್ ಎಂ.ಎ. ಓದುವವರ ಕೈಗೆ ಸಿಕ್ಕಿತು ಅಂದರೆ, ಉತ್ತರಪತ್ರಿಕೆಯ ಮೊದಲ ಸಾಲಿನಲ್ಲೇ ‘ಅಮೆರಿಕನ್ ಡ್ರೀಮ್’, ಅಂದರೆ ದುಡಿದರೆ ಯಾರು ಬೇಕಾದರೂ ಮೇಲೆ ಬರಬಹುದು ಅನ್ನುವ ಕನಸು, ಬಂದು ಕೂರುತ್ತದೆ. ಇಡೀ ಕಾದಂಬರಿ ತಡಕಾಡಿದರೂ ಆ ಜೋಡಿಪದ ಸಿಗುವುದಿಲ್ಲ. ಪುಸ್ತಕ ಬಂದದ್ದು 1925ರ ಏಪ್ರಿಲ್‌ನಲ್ಲಿ. ಆ ಮಾತನ್ನು ಜೇಮ್ಸ್ ಟ್ರಸ್ಲೋ ಆಡಮ್ಸ್ ಎಂಬ ಇತಿಹಾಸಕಾರ ಜನರ ಬಾಯಿಗೆ ಹಾಕಿದ್ದು 1931ರಲ್ಲಿ. ಕನಸಿನ ಮಾತು ಆಮೇಲಿರಲಿ, ಮೊದಲು ದುಡ್ಡು ಎಣಿಸಿ. ಮಂಡಿಪೇಟೆ ಇರುವ ದಾವಣಗೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಪುಸ್ತಕದಲ್ಲಿ ಯಾರು ಎಷ್ಟು ಕೆಟ್ಟರು ಅನ್ನುವುದು ಅವರ ಮಾತಿನಲ್ಲಿ ಗೊತ್ತಾಗುವುದಿಲ್ಲ, ಲೆಕ್ಕದಲ್ಲಿ ಗೊತ್ತಾಗುತ್ತದೆ.

ಇನ್ನೂರು ಪುಟದ ಒಂದು ನೋಟ್‌ಬುಕ್ ತಗೊಳ್ಳಿ. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಹಳೇ ಸಾಹುಕಾರ ಟಾಮ್, ಅವನ ಹೆಂಡತಿ ಡೇಸಿ, ಕಥೆ ಹೇಳುವ ನಿಕ್, ಟಾಮ್‌ನ ಪ್ರೇಯಸಿ ಮರ್ಟಲ್, ಅವಳ ಗಂಡ ವಿಲ್ಸನ್ ಇವರಿಗೆ ಎರಡೆರಡು ಪುಟ ಸಾಕು. ಡೇಸಿಯನ್ನು ಅವಳ ಮದುವೆಗೆ ಮೊದಲಿಂದ ಪ್ರೀತಿಸಿದ ಹೊಸ ಸಾಹುಕಾರ ಗ್ಯಾಟ್ಸ್‌ಬಿಗೆ ಆರು ಪುಟ ಖಾಲಿ ಬಿಡಿ, ಯಾಕಂದರೆ ಅವನ ಕಥೆ ಸರತಿಯಲ್ಲಿ ಬರುವುದಿಲ್ಲ. ಕಥೆ ನಡೆಯುವುದು 1922ರ ಬೇಸಿಗೆಯಲ್ಲಿ. ಇರುವುದು ಒಂಬತ್ತು ಅಧ್ಯಾಯ. ಅವನು 1917ರಲ್ಲಿ ಡೇಸಿಯನ್ನು ಕಂಡ ಸಂಗತಿ ನಾಲ್ಕನೇ ಅಧ್ಯಾಯದಲ್ಲಿ ತಿಳಿಯುತ್ತದೆ, ಹುಟ್ಟುಹೆಸರು ಜೇಮ್ಸ್ ಗ್ಯಾಟ್ಜ್ ಅನ್ನುವುದು ಆರರಲ್ಲಿ, ಹುಡುಗನಾಗಿದ್ದಾಗ ಬರೆದಿಟ್ಟ ವೇಳಾಪಟ್ಟಿ ಒಂಬತ್ತರಲ್ಲಿ. ಓದಿದ ಹಾಗೆ ಬರೆಯುತ್ತಾ ಹೋದರೆ ಲೆಕ್ಕ ಕಲಸುಮೇಲೋಗರ. ಇಸವಿ ಹಾಕಿ, ಅದರದರ ಜಾಗದಲ್ಲೇ ಬರೆಯಿರಿ.

ಡಾಲರನ್ನು ಇವತ್ತಿನ ರೂಪಾಯಿಗೆ ತಿರುಗಿಸಲು ಹೋಗಬೇಡಿ, ಅಲ್ಲೇ ಎಲ್ಲರೂ ದಾರಿ ತಪ್ಪುವುದು. ತಕ್ಕಡಿ ಕಾದಂಬರಿಯಲ್ಲೇ ಇದೆ: ಕಥೆ ಹೇಳುವ ನಿಕ್ ಕಟ್ಟುವ ಮನೆಬಾಡಿಗೆ, ತಿಂಗಳಿಗೆ 80 ಡಾಲರ್. ಅವನ ಅಕ್ಕಪಕ್ಕದ ಬಂಗಲೆಗಳಿಗೆ ಒಂದು ಸೀಸನ್ನಿಗೆ 12 ರಿಂದ 15 ಸಾವಿರ. ಮದುವೆಯ ಹಿಂದಿನ ದಿನ ಟಾಮ್ ಡೇಸಿಗೆ ಕೊಟ್ಟ ಮುತ್ತಿನ ಹಾರದ ಬೆಲೆ 3,50,000 ಡಾಲರ್. ಭಾಗಿಸಿ ನೋಡಿ. ನಿಕ್‌ನ 4,375 ತಿಂಗಳ ಬಾಡಿಗೆ, ಅಂದರೆ 364 ವರ್ಷ ಏಳು ತಿಂಗಳು. ಅದೇ ದಿನ ಡೇಸಿ ಕುಡಿದು ಮಲಗಿ, ಕಸದ ಬುಟ್ಟಿಯಿಂದ ಆ ಹಾರ ಎತ್ತಿ, ಯಾರದೋ ಅವರಿಗೆ ವಾಪಸ್ ಕೊಡಿ ಅನ್ನುತ್ತಾಳೆ. ತಣ್ಣೀರಿನ ಸ್ನಾನ ಮಾಡಿಸುತ್ತಾರೆ, ಬಟ್ಟೆ ಉಡಿಸುತ್ತಾರೆ, ಅರ್ಧ ಗಂಟೆಯಲ್ಲಿ ಹಾರ ಕೊರಳಿಗೆ ಬಂದಿರುತ್ತದೆ. ಇಡೀ ಕಾದಂಬರಿಯಲ್ಲಿ ಡೇಸಿ ತೆಗೆದುಕೊಂಡ ತೀರ್ಮಾನ ಅದೊಂದೇ ಅಂತ ನನಗೆ ಅನಿಸುತ್ತದೆ. ಮಿಕ್ಕದ್ದೆಲ್ಲ ಅದರ ಬಡ್ಡಿ.

ಗ್ಯಾಟ್ಸ್‌ಬಿಯ ಖರ್ಚಿನ ಪುಟ ಬೇಗ ತುಂಬುತ್ತದೆ. ಅವನ ಮನೆಯ ವಾರಾಂತ್ಯದ ಪಾರ್ಟಿಗಳಿಗೆ ಪ್ರತಿ ಶುಕ್ರವಾರ ನ್ಯೂಯಾರ್ಕಿನ ಹಣ್ಣಿನವನಿಂದ ಐದು ಕ್ರೇಟು ಕಿತ್ತಳೆ ಮತ್ತು ನಿಂಬೆ ಬರುತ್ತವೆ. ಸೋಮವಾರ ಅವೇ ಹಣ್ಣು ತಿರುಳಿಲ್ಲದ ಹೋಳುಗಳ ಗುಡ್ಡೆಯಾಗಿ ಹಿತ್ತಿಲ ಬಾಗಿಲಿಂದ ಹೊರಗೆ ಹೋಗುತ್ತವೆ. ಅರ್ಧ ಗಂಟೆಯಲ್ಲಿ 200 ಹಣ್ಣು ಹಿಂಡುವ ಯಂತ್ರ ಅಡುಗೆಮನೆಯಲ್ಲಿದೆ, ಸರಿ. ಆದರೆ ಅದರ ಪುಟ್ಟ ಗುಂಡಿಯನ್ನು ಬಟ್ಲರ್ ತನ್ನ ಹೆಬ್ಬೆರಳಿನಿಂದ 200 ಸಲ ಒತ್ತಬೇಕು. ಒಂಬತ್ತು ಸೆಕೆಂಡಿಗೊಮ್ಮೆ. ಸೋಮವಾರ ಎಂಟು ಆಳು ಸೇರಿ ಒರೆಸುವುದು, ತಿಕ್ಕುವುದು, ಸುತ್ತಿಗೆ ಹಿಡಿದು ಮುರಿದದ್ದನ್ನು ರಿಪೇರಿ ಮಾಡುವುದು. ಇಷ್ಟೆಲ್ಲ ನಡೆಸಿದ ಯಜಮಾನ ಆ ಪಾರ್ಟಿಗಳಲ್ಲಿ ಕುಡಿಯುವುದಿಲ್ಲ. ಪಂಕ್ತಿ ಕೂರಿಸಿದವನೇ ಎಲೆ ಹಾಕಿಸಿಕೊಳ್ಳಲಿಲ್ಲ.

‘ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರೀಲಿ ಕೊಡೆ ಹಿಡಿದ’ ಅನ್ನುವ ಗಾದೆ ಇಲ್ಲಿ ತಾನಾಗಿ ನೆನಪಾಗುತ್ತದೆ. ಕೊಲ್ಲಿಯ ಆಚೆ ದಡದ ಹಳೇ ಸಾಹುಕಾರರು ಗ್ಯಾಟ್ಸ್‌ಬಿಯ ಬಗ್ಗೆ ಆಡಿಕೊಳ್ಳುವುದೂ ಹೆಚ್ಚುಕಡಿಮೆ ಇದನ್ನೇ. ಆದರೆ ಈ ಗಾದೆ ಕಟ್ಟಿದವನು ಕೊಡೆ ಮೊದಲೇ ಇದ್ದವನೇ ಇರಬೇಕು. ಹೊಸದಾಗಿ ದುಡ್ಡು ಕಂಡವನ ಜಮಾ ಪುಟವನ್ನು ಊರೆಲ್ಲ ಓದುತ್ತದೆ. ಮೂರು ತಲೆಮಾರಿನ ದುಡ್ಡಿನ ಜಮಾ ಪುಟ ಯಾರಿಗೂ ಬೇಡ. ನೋಟ್‌ಬುಕ್‌ನಲ್ಲಿ ಟಾಮ್‌ನ ಎಡಪುಟ ನೋಡಿ. ಮನೆತನ ಭಾರೀ ಶ್ರೀಮಂತ, ಪೋಲೋ ಕುದುರೆಗಳ ಹಿಂಡನ್ನೇ ತರಿಸಿಕೊಂಡಿದ್ದಾನೆ. ಆ ದುಡ್ಡು ಯಾವ ದಂಧೆಯದು? ಕಾದಂಬರಿ ಒಂದು ಸಾಲೂ ಹೇಳುವುದಿಲ್ಲ, ಒಬ್ಬ ಅತಿಥಿಯೂ ಕೇಳುವುದಿಲ್ಲ. ನಿಕ್ ತನ್ನ ಮನೆತನದ್ದನ್ನು ಮೊದಲ ಅಧ್ಯಾಯದಲ್ಲೇ ಸಲೀಸಾಗಿ ಹೇಳಿ ಮುಗಿಸುತ್ತಾನೆ: 1851ರಲ್ಲಿ ಅಮೆರಿಕಕ್ಕೆ ಬಂದ ಅಜ್ಜನ ಸಹೋದರ, ಅಂತರ್ಯುದ್ಧಕ್ಕೆ ತನ್ನ ಬದಲು ಇನ್ನೊಬ್ಬನನ್ನು ಕಳಿಸಿ, ಹಾರ್ಡ್‌ವೇರ್ ಹೋಲ್‌ಸೇಲ್ ಶುರು ಮಾಡಿದ. ಕಾನೂನಿನಲ್ಲಿ ಅದಕ್ಕೆ ಅವಕಾಶ ಇತ್ತು. ಓದುಗರು ಈ ಸಾಲನ್ನು ದಾಟಿಕೊಂಡು ಹೋಗಿಬಿಡುತ್ತಾರೆ, ಇಲ್ಲಿ ಪೆನ್ಸಿಲ್ ಗುರುತು ಹಾಕಿ.

ಗ್ಯಾಟ್ಸ್‌ಬಿಯ ಎಡಪುಟದಲ್ಲಿ ಕಾಟು ಜಾಸ್ತಿ. ಹುಡುಗನಾಗಿದ್ದಾಗ ಅವನನ್ನು ಕೆಲಸಕ್ಕಿಟ್ಟುಕೊಂಡಿದ್ದ ಸಾಹುಕಾರ ಡ್ಯಾನ್ ಕೋಡಿ ಉಯಿಲಿನಲ್ಲಿ ಬರೆದಿಟ್ಟ 25,000 ಡಾಲರ್ ಅವನ ಕೈಗೆ ಬರಲೇ ಇಲ್ಲ. ಕಾನೂನಿನ ಯಾವುದೋ ಪಟ್ಟು ಹಾಕಿ ಆಸ್ತಿಯನ್ನು ‘ಎಲ್ಲಾ ಕೇ’ ಎಂಬ ಹೆಸರಿನ ಹೆಂಗಸು ತೆಗೆದುಕೊಂಡಳು. ದುಡ್ಡೆಲ್ಲ ಪಿತ್ರಾರ್ಜಿತ ಅಂತ ನಿಕ್‌ಗೆ ಒಮ್ಮೆ ಹೇಳಿದವನು, ಐದನೇ ಅಧ್ಯಾಯದಲ್ಲಿ ಈ ಮನೆಯ ದುಡ್ಡು ಸಂಪಾದಿಸಲು ಮೂರು ವರ್ಷ ಹಿಡಿಯಿತು ಅಂತ ಬಾಯಿ ತಪ್ಪಿ ಅನ್ನುತ್ತಾನೆ. ನಿಕ್ ಹಿಡಿದು ಕೇಳಿದಾಗ, ಯುದ್ಧದ ಗಾಬರಿಯಲ್ಲಿ ಬಹುಪಾಲು ಕಳೆದುಕೊಂಡೆ ಅಂತ ತೇಪೆ ಹಚ್ಚುತ್ತಾನೆ. ನಿಜ ಹೊರಬರುವುದು ಏಳನೇ ಅಧ್ಯಾಯದಲ್ಲಿ, ಟಾಮ್‌ನ ಬಾಯಲ್ಲಿ: ಗಲ್ಲಿಯ ಔಷಧಿ ಅಂಗಡಿಗಳನ್ನು ಕೊಂಡು, ಕೌಂಟರಿನಲ್ಲೇ ಆಲ್ಕೋಹಾಲ್ ಮಾರಿದ್ದು.

ಔಷಧಿ ಅಂಗಡಿಯೇ ಯಾಕೆ ಅಂದರೆ, ಅಮೆರಿಕದ ಪಾನನಿಷೇಧ 1920ರ ಜನವರಿಯಿಂದ 1933ರ ಡಿಸೆಂಬರ್‌ವರೆಗೆ ಇತ್ತು, ಆದರೆ ಡಾಕ್ಟರ ಚೀಟಿ ಇದ್ದರೆ ಹತ್ತು ದಿನಕ್ಕೆ ಒಂದು ಪೈಂಟ್ (ಸುಮಾರು ಅರ್ಧ ಲೀಟರ್) ಔಷಧಿ ರೂಪದ ಮದ್ಯ ಕೊಳ್ಳಬಹುದಿತ್ತು. ಸ್ಟಾಕ್ ಇಡಲು ಲೈಸೆನ್ಸು, ಬಂದುಹೋಗುವ ಜನ, ಅನುಮಾನ ಬಾರದ ಬೋರ್ಡು ಎಲ್ಲ ಒಂದೇ ಕಡೆ. ನಮ್ಮಲ್ಲಿ ಕಳ್ಳಭಟ್ಟಿ ಅಂದರೆ ಹಳ್ಳದ ದಂಡೆ, ಕೊಳೆತ ಬೆಲ್ಲ. ಅಲ್ಲಿ ಅದು ಔಷಧಿ ಬಾಟಲಿಗಳ ನಡುವೆ ಕೂತಿತ್ತು.

ಮರ್ಟಲ್ ಪುಟದಲ್ಲಿ ಒಂದೇ ಐಟಂ ಹಿಂದೆ ಹೋಗಿ. ಟಾಮ್ ತನ್ನ ಈ ಪ್ರೇಯಸಿಗೆ ರಸ್ತೆ ಬದಿಯಲ್ಲಿ 10 ಡಾಲರ್ ಕೊಟ್ಟು ನಾಯಿಮರಿ ಕೊಡಿಸುತ್ತಾನೆ. ಅದಕ್ಕೆ ಬೆಳ್ಳಿ ಹೆಣೆದ ಚರ್ಮದ ಹಗ್ಗ ಬರುತ್ತದೆ. ಗಂಡನ ಗ್ಯಾರೇಜಿನ ಮೇಲಿನ ಅವಳ ಮನೆಯಲ್ಲಿ ನಾಯಿ ಇಲ್ಲ, ಹಗ್ಗ ಮಾತ್ರ ತೆಳು ಕಾಗದದಲ್ಲಿ ಸುತ್ತಿಟ್ಟಿದೆ. ಗಂಡ ವಿಲ್ಸನ್‌ಗೆ ಅನುಮಾನ ಹುಟ್ಟುವುದು ಅದರಿಂದಲೇ. ಅದೇ ವಿಲ್ಸನ್ ಟಾಮ್‌ನ ಹಳೇ ಕಾರು ಕೊಂಡು ಮಾರಿ ನಾಲ್ಕು ಕಾಸು ಮಾಡಿಕೊಳ್ಳಲು ಕಾಯುತ್ತಿದ್ದಾನೆ. ಕೇಳಿದಾಗಲೆಲ್ಲ ಟಾಮ್ ಮುಂದಿನ ವಾರ ಅನ್ನುತ್ತಾನೆ. ಒತ್ತಾಯ ಮಾಡಿದರೆ ಬೇರೆ ಕಡೆ ಮಾರುತ್ತೇನೆ ಅನ್ನುತ್ತಾನೆ. ಮಂಡಿಯಲ್ಲಿ ಪಟ್ಟಿ ಹಣಕ್ಕೆ ನಿಂತ ರೈತನಿಗೆ ಈ ಧಾಟಿ ಗೊತ್ತು. ತನ್ನ ಮದುವೆಗೆ ವಿಲ್ಸನ್ ಯಾರದೋ ಸೂಟು ಕಡ ತಂದು ಹಾಕಿಕೊಂಡಿದ್ದ, ಮರ್ಟಲ್ ಅದನ್ನು ಇನ್ನೂ ಕ್ಷಮಿಸಿಲ್ಲ.

ಅವರ ಗ್ಯಾರೇಜ್ ಇರುವುದು ಬೂದಿಯ ಬಯಲಿನ ಅಂಚಿನಲ್ಲಿ. ಅದು ಕಲ್ಪನೆಯಲ್ಲ, ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಕೊರೋನಾ ಎಂಬಲ್ಲಿ ಬೂದಿಯ ರಾಶಿಗಳಿದ್ದವು, ಮುಂದೆ ಆ ಜಾಗದಲ್ಲೇ 1939ರ ವಿಶ್ವಮೇಳ ನಡೆಯಿತು. ಚಿತ್ರ ಕಣ್ಣಿಗೆ ಕಟ್ಟದಿದ್ದರೆ ನಮ್ಮ ಮಂಡಕ್ಕಿ ಭಟ್ಟಿಗಳ ಕಡೆ ಒಂದು ಸುತ್ತು ಹೋಗಿಬನ್ನಿ. ಗೋಡೆ, ಮರ, ಮನುಷ್ಯರ ಮೇಲೆ ಮಸಿ. ಮಂಡಕ್ಕಿ ಮಾತ್ರ ಬೆಳ್ಳಗೆ ಹೊರಗೆ ಹೋಗುತ್ತದೆ, ಸಂಜೆ ಮೆಣಸಿನಕಾಯಿ ಜೊತೆ ಎಲ್ಲರ ಕೈಯಲ್ಲೂ ಇರುತ್ತದೆ.

ನಿಕ್‌ನ ಮಾತನ್ನು ಹಾಗೇ ನಂಬುವುದು ಇನ್ನೊಂದು ತಪ್ಪು. ತಾನು ಪ್ರಾಮಾಣಿಕ ಅಂತ ಅವನೇ ಸರ್ಟಿಫಿಕೇಟ್ ಕೊಟ್ಟುಕೊಳ್ಳುತ್ತಾನೆ. ಗ್ಯಾಟ್ಸ್‌ಬಿಯ ಸಲುವಾಗಿ ಡೇಸಿಯನ್ನು ತನ್ನ ಮನೆಗೆ ಚಹಾಕ್ಕೆ ಕರೆಯಲು ನಿಕ್ ಒಪ್ಪಿದ ಮೇಲೆ ಗ್ಯಾಟ್ಸ್‌ಬಿ ಅವನಿಗೆ ಗುಟ್ಟಿನ ಸಣ್ಣದೊಂದು ವ್ಯವಹಾರ ಕೊಡಿಸಲು ಬರುತ್ತಾನೆ. ನಿಕ್ ಬೇಡ ಅನ್ನುತ್ತಾನೆ. ಕೆಟ್ಟದ್ದು ಅಂತಲ್ಲ, ಉಪಕಾರಕ್ಕೆ ಕೂಲಿ ಕೊಟ್ಟ ಹಾಗೆ ಕಂಡದ್ದಕ್ಕೆ. ಬೇರೆ ಹೊತ್ತಿನಲ್ಲಿ ಕೇಳಿದ್ದರೆ ತನ್ನ ಬದುಕಿನ ದೊಡ್ಡ ಇಕ್ಕಟ್ಟಾಗುತ್ತಿತ್ತು ಅಂತ ಅವನೇ ಒಪ್ಪುತ್ತಾನೆ. ನಿಕ್‌ನ ಕಸುಬು ಬಾಂಡ್, ಅಂದರೆ ಸಾಲಪತ್ರ, ಮಾರುವುದು. ಗ್ಯಾಟ್ಸ್‌ಬಿ ಸತ್ತ ಮೇಲೆ ಅವನಿಗೆ ಅಂತ ಒಂದು ಫೋನ್ ಬರುತ್ತದೆ, ಕೌಂಟರಿನಲ್ಲಿ ಕಳ್ಳ ಬಾಂಡ್ ಕೊಡುವಾಗ ಒಬ್ಬ ಹುಡುಗ ಸಿಕ್ಕಿಬಿದ್ದ, ನಂಬರುಗಳ ಸುತ್ತೋಲೆ ಐದು ನಿಮಿಷ ಮೊದಲಷ್ಟೇ ಬಂದಿತ್ತು ಅಂತ. ಎರಡೂ ಪುಟ ಪಕ್ಕಪಕ್ಕ ಇಟ್ಟು ನೋಡಿ. ಕೌಂಟರಿನ ಮುಂದೆ ನಿಂತ ಆ ಹುಡುಗ ನಿಕ್ ಆಗಬಹುದಿತ್ತು.

ಕೊನೆಗೆ ಬರೆಯಬೇಕಾದ್ದು ಮೊದಲ ಪುಟಕ್ಕೆ ಹೋಗುತ್ತದೆ. ಗ್ಯಾಟ್ಸ್‌ಬಿಯ ಮಣ್ಣಿಗೆ ಬಂದ ಅವನ ತಂದೆ, ಮಗನ ಹಳೇ ಪುಸ್ತಕವೊಂದನ್ನು ತೋರಿಸುತ್ತಾನೆ. ಅದರ ಹಿಂದಿನ ಹಾಳೆಯಲ್ಲಿ 1906ರ ಸೆಪ್ಟೆಂಬರ್ 12ರ ತಾರೀಖು. ಬೆಳಿಗ್ಗೆ 6ಕ್ಕೆ ಏಳುವುದು, 6.15ಕ್ಕೆ ಡಂಬೆಲ್ಸ್, 7.15ಕ್ಕೆ ವಿದ್ಯುತ್ ಬಗ್ಗೆ ಓದು, ಸಂಜೆ 5ರಿಂದ 6 ಮಾತಿನ ಅಭ್ಯಾಸ. ಕೆಳಗೆ ಶಪಥಗಳು: ಸಿಗರೇಟು ಬೇಡ, ದಿನ ಬಿಟ್ಟು ದಿನ ಸ್ನಾನ, ತಂದೆತಾಯಿಯನ್ನು ಇನ್ನಷ್ಟು ಚೆನ್ನಾಗಿ ನೋಡಿಕೊಳ್ಳಬೇಕು. ಉಳಿತಾಯದ ಸಾಲಿನಲ್ಲಿ ವಾರಕ್ಕೆ 5 ಡಾಲರ್ ಅಂತ ಬರೆದು, ಅದನ್ನು ಹೊಡೆದು ಹಾಕಿ, 3 ಅಂತ ಮಾಡಿದ್ದಾನೆ. ಅಪ್ಪ ಒಂದೊಂದು ಸಾಲನ್ನೂ ಜೋರಾಗಿ ಓದಿ ನಿಕ್‌ನ ಮುಖ ನೋಡುತ್ತಾನೆ, ಅವನೂ ಬರೆದುಕೊಳ್ಳಲಿ ಅನ್ನುವ ಹಾಗೆ. ನೀವು ಬರೆದುಕೊಳ್ಳುವಾಗ ಆ ಕಾಟನ್ನು ಬಿಡಬೇಡಿ.